ಸ್ನಾಯುವಿನ ಕ್ಯಾಲ್ಸಿಯಂ ಬಾಗಿಲು: ಅಮ್ಮನ ಬಿಪಿ ಮಾತ್ರೆಗೂ ಮಾವನ ಸಾವಿಗೂ ಸಂಬಂಧವಿದೆಯೇ?

ಪ್ರಶ್ನೆ: ನಾನು ಬಿಎಸ್ಸಿ ಎರಡನೇ ವರ್ಷದ ವಿದ್ಯಾರ್ಥಿನಿ. ನನ್ನ ಅಮ್ಮನಿಗೆ 52 ವರ್ಷ. ನಾಲ್ಕು ವರ್ಷದಿಂದ ಬಿಪಿಗೆ ಆಮ್ಲೋಡಿಪಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಅದು ‘ಕ್ಯಾಲ್ಸಿಯಂ ಚಾನೆಲ್ ಬ್ಲಾಕರ್’ ಎಂದು ಮೆಡಿಕಲ್ ಶಾಪಿನವರು ಹೇಳಿದರು. ಕ್ಯಾಲ್ಸಿಯಂ ಇಲ್ಲದೆ ಸ್ನಾಯು ಸಂಕುಚಿಸುವುದಿಲ್ಲ ಎಂದು ನಮ್ಮ ಪಠ್ಯದಲ್ಲಿದೆ. ಹಾಗಿದ್ದರೆ ಈ ಮಾತ್ರೆಯಿಂದ ಕೈಕಾಲಿನ ಬಲ ಕುಂದುವುದಿಲ್ಲವೇ? ಸಂಜೆಯಾದರೆ ಅಮ್ಮ ಕಾಲು ಭಾರ ಎನ್ನುತ್ತಾರೆ. ಇನ್ನೊಂದು ಮಾತು. ಅಮ್ಮನ ಅಣ್ಣ, ನನ್ನ ದೊಡ್ಡ ಮಾವ, ಚಿಕ್ಕ ವಯಸ್ಸಿನಲ್ಲೇ ಅಪೆಂಡಿಕ್ಸ್ ಆಪರೇಷನ್ ನಡೆಯುವಾಗ ತೀರಿಕೊಂಡರು. ಅರಿವಳಿಕೆ ಕೊಟ್ಟ ಮೇಲೆ ದವಡೆ ಬಿಗಿದುಕೊಂಡಿತಂತೆ, ಮೈ ಕೆಂಡದಂತೆ ಸುಟ್ಟಿತಂತೆ. ‘ಸ್ನಾಯುವಿನ ಕ್ಯಾಲ್ಸಿಯಂ ಚಾನೆಲ್‌ನಲ್ಲೇ ದೋಷವಿದ್ದಿರಬೇಕು’ ಎಂದು ಒಬ್ಬ ಡಾಕ್ಟರು ಆಮೇಲೆ ಹೇಳಿದ್ದರಂತೆ. ಈಗ ಅಮ್ಮನಿಗೆ ಪಿತ್ತಕೋಶದ ಕಲ್ಲಿಗೆ ಲ್ಯಾಪರೋಸ್ಕೋಪಿ ಆಪರೇಷನ್ ಆಗಬೇಕಿದೆ. ಈ ಎರಡೂ ಚಾನೆಲ್ ಒಂದೇನಾ?

ಉತ್ತರ: ನಿಮ್ಮ ಪತ್ರದ ಕೊನೆಯ ಭಾಗಕ್ಕೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದು ಕಾಯುವ ವಿಷಯವಲ್ಲ. ಮಾವನಿಗೆ ಆದದ್ದನ್ನು ಅಮ್ಮನ ಆಪರೇಷನ್ನಿಗೆ ದಿನ ಗೊತ್ತುಮಾಡುವ ಮೊದಲೇ ಅರಿವಳಿಕೆ ತಜ್ಞರಿಗೆ ಹೇಳಿ. ಸರ್ಜನ್ನರಿಗೆ ಹೇಳಿದ್ದೇವಲ್ಲ ಎಂದು ಸುಮ್ಮನಾಗಬೇಡಿ. ಅರಿವಳಿಕೆ ಕೊಡುವವರನ್ನೇ ಕಂಡು, ‘ದವಡೆ ಬಿಗಿಯಿತು, ಮೈ ಸುಟ್ಟಿತು, ಟೇಬಲ್ ಮೇಲೆಯೇ ಹೋದರು’ ಎಂದು ಇದೇ ಮಾತುಗಳಲ್ಲಿ ಹೇಳಿ. ಅವರು ಕೂಡಲೇ ಕಿವಿ ನಿಮಿರಿಸುತ್ತಾರೆ.

ಇನ್ನು ನಿಮ್ಮ ಪ್ರಶ್ನೆ. ಎರಡೂ ಚಾನೆಲ್ ಒಂದೇ ಅಲ್ಲ. ಕೈಕಾಲಿನ ಸ್ನಾಯುವಿನಲ್ಲಿ ಕ್ಯಾಲ್ಸಿಯಂಗೆ ಎರಡು ಬಾಗಿಲುಗಳಿವೆ. ಆಮ್ಲೋಡಿಪಿನ್ ಅಂಟಿಕೊಳ್ಳುವ ಜಾತಿಯದು ಹೊರಬಾಗಿಲು. ನಿಮ್ಮ ಮಾವನಲ್ಲಿ ಕೆಟ್ಟಿದ್ದು, ಆ ಡಾಕ್ಟರ ಊಹೆ ಸರಿಯಿದ್ದರೆ, ಬಹುಮಟ್ಟಿಗೆ ಒಳಬಾಗಿಲು. ಕೈಕಾಲಿನ ಸ್ನಾಯುವಿನಲ್ಲಿ ಹೊರಬಾಗಿಲು ಬಾಗಿಲಾಗಿ ಮಾಡುವ ಕೆಲಸ ತೀರಾ ಕಡಿಮೆ. ಅದರ ನಿಜವಾದ ಕೆಲಸ ಬೇರೆಯೇ. ಇದೊಂದು ಅರ್ಥವಾದರೆ ಅಮ್ಮನ ಬಲ ಏಕೆ ಕುಂದುವುದಿಲ್ಲ ಎಂಬುದೂ, ಮಾವನ ಮೈ ಏಕೆ ಸುಟ್ಟಿತು ಎಂಬುದೂ ಒಟ್ಟಿಗೇ ಬಿಡಿಸಿಕೊಳ್ಳುತ್ತವೆ.

ನಮ್ಮ ಕೆರೆಗಳನ್ನು ನೆನೆಯಿರಿ. ಏರಿಯ ಹಿಂದೆ ನೀರು ತುಂಬಿ ನಿಂತಿರುತ್ತದೆ. ಅದನ್ನು ಗದ್ದೆಗೆ ಬಿಡುವುದು ತೂಬು. ತೂಬು ಎತ್ತುವವನು ನೀರುಗಂಟಿ. ಸ್ನಾಯುವಿನ ಜೀವಕೋಶದೊಳಗೆ ಕ್ಯಾಲ್ಸಿಯಂನ ಇಂಥದೇ ಒಂದು ಕೆರೆಯಿದೆ, ಹೆಸರು ಸಾರ್ಕೋಪ್ಲಾಸ್ಮಿಕ್ ರೆಟಿಕ್ಯುಲಂ. ಸ್ನಾಯು ಸುಮ್ಮನಿರುವಾಗ ಅದರ ಕೋಶರಸದಲ್ಲಿ ಕ್ಯಾಲ್ಸಿಯಂ ಎಷ್ಟು ವಿರಳವೆಂದರೆ, ಈ ಕೆರೆಯೊಳಗೆ ಅದರ ಸುಮಾರು ಹತ್ತು ಸಾವಿರ ಪಟ್ಟು ಸಾಂದ್ರತೆ ಇರುತ್ತದೆ. ಕ್ಯಾಲ್ಸಿಕ್ವೆಸ್ಟ್ರಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡು ಕುಳಿತ ದಾಸ್ತಾನು ಅದಕ್ಕೂ ಮೇಲೆ. ಕೆರೆಯ ತೂಬೇ ಒಳಬಾಗಿಲು, ರಯನೋಡಿನ್ ರಿಸೆಪ್ಟರ್ 1. ಹೊರಪೊರೆಯಲ್ಲಿ ನಿಂತಿರುವ ನೀರುಗಂಟಿಯೇ ಹೊರಬಾಗಿಲು. ಅದನ್ನು ಕ್ಯಾವ್ 1.1 ಎಂದೂ, ಡೈಹೈಡ್ರೊಪಿರಿಡಿನ್ ರಿಸೆಪ್ಟರ್ ಎಂದೂ ಕರೆಯುತ್ತಾರೆ. ಈ ಉದ್ದ ಹೆಸರು ಬಂದದ್ದೇ ಅಮ್ಮನ ಮಾತ್ರೆಯ ಬಳಗದಿಂದ. ಆಮ್ಲೋಡಿಪಿನ್, ನಿಫೆಡಿಪಿನ್ ಎಲ್ಲವೂ ಡೈಹೈಡ್ರೊಪಿರಿಡಿನ್‌ಗಳು. ಅವು ಅಂಟಿಕೊಳ್ಳುವ ಪ್ರೋಟೀನು ಮೊಲದ ಕಾಲಿನ ಸ್ನಾಯುವಿನಲ್ಲಿ ಯಥೇಚ್ಛವಾಗಿ ಸಿಗುತ್ತಿದ್ದುದರಿಂದ ವಿಜ್ಞಾನಿಗಳು ಅದನ್ನು ಅಲ್ಲಿಂದಲೇ ಶುದ್ಧೀಕರಿಸಿದರು. ನಿಮ್ಮ ಗೊಂದಲಕ್ಕೆ ಅರ್ಧ ಕಾರಣ ಈ ಹೆಸರೇ.

ಮೊದಲು ಹೊರಬಾಗಿಲಿನ ರಚನೆ ನೋಡೋಣ. ಸ್ನಾಯುತಂತುವಿನ ಹೊರಪೊರೆ ಅಲ್ಲಲ್ಲಿ ಒಳಕ್ಕೆ ಕೊಳವೆಯಂತೆ ಇಳಿದಿರುತ್ತದೆ. ಇವು ಟಿ-ಕೊಳವೆಗಳು. ನರದಿಂದ ಬಂದ ವಿದ್ಯುತ್ ಅಲೆ ಈ ಕೊಳವೆಗಳ ಗುಂಟ ತಂತುವಿನ ಒಡಲಿಗೆ ಇಳಿಯುತ್ತದೆ. ಕ್ಯಾವ್ 1.1 ಕುಳಿತಿರುವುದು ಈ ಕೊಳವೆಯ ಗೋಡೆಯಲ್ಲಿ. ಅದರ ಮುಖ್ಯ ಸರಪಳಿಗೆ ಆಲ್ಫಾ-1ಎಸ್ ಎಂದು ಹೆಸರು. ಸುಮಾರು 1,870 ಅಮೈನೋ ಆಮ್ಲಗಳ ಒಂದೇ ಉದ್ದ ಸರಪಳಿ. ಅದು ನಾಲ್ಕು ಹೋಳುಗಳಾಗಿ ಮಡಿಸಿಕೊಂಡು ಪೊರೆಯಲ್ಲಿ ದುಂಡಗೆ ಕೂರುತ್ತದೆ. ಪ್ರತಿ ಹೋಳೂ ಪೊರೆಯನ್ನು ಆರು ಸಲ ದಾಟುತ್ತದೆ, ಒಂದೊಂದು ಸಲ ದಾಟುವಾಗಲೂ ಒಂದು ಸುರುಳಿಯಾಗಿ. ಐದು ಮತ್ತು ಆರನೆಯ ಸುರುಳಿಗಳು ಸೇರಿ ನಡುವಿನ ರಂಧ್ರವಾಗುತ್ತವೆ. ಆ ರಂಧ್ರದ ಇಕ್ಕಟ್ಟಿನಲ್ಲಿ ನಾಲ್ಕು ಹೋಳುಗಳಿಂದ ಒಂದೊಂದರಂತೆ ಗ್ಲುಟಮೇಟ್ ಎಂಬ ನಾಲ್ಕು ಅಮೈನೋ ಆಮ್ಲಗಳು ಋಣ ಆವೇಶ ಹೊತ್ತು ನಿಂತಿವೆ. ಸುತ್ತ ಸೋಡಿಯಂ ಎಷ್ಟೇ ಇದ್ದರೂ ಅವು ಕ್ಯಾಲ್ಸಿಯಂ ಒಂದನ್ನೇ ಆರಿಸಿ ಒಳಬಿಡುತ್ತವೆ. ಬೀಟಾ, ಆಲ್ಫಾ-2-ಡೆಲ್ಟಾ, ಗಾಮಾ ಎಂಬ ಸಹಾಯಕ ಪ್ರೋಟೀನುಗಳು ಇದಕ್ಕೆ ಆನಿಕೊಂಡಿರುತ್ತವೆ.

ಆದರೆ ನೀವು ಗಮನಿಸಬೇಕಾದದ್ದು ನಾಲ್ಕನೆಯ ಸುರುಳಿಯನ್ನು. ಅದರಲ್ಲಿ ಪ್ರತಿ ಮೂರನೆಯ ಸ್ಥಾನದಲ್ಲಿ ಆರ್ಜಿನಿನ್ ಅಥವಾ ಲೈಸಿನ್ ಎಂಬ ಅಮೈನೋ ಆಮ್ಲ ಇದೆ, ಅಂದರೆ ಧನ ಆವೇಶ. ವಿಶ್ರಾಂತಿಯಲ್ಲಿ ಸ್ನಾಯುಪೊರೆಯ ಒಳಬದಿ ಸುಮಾರು ಮೈನಸ್ 90 ಮಿಲಿವೋಲ್ಟ್ ಇರುವುದರಿಂದ ಈ ಸುರುಳಿಗಳು ಒಳಕ್ಕೆ ಸೆಳೆಯಲ್ಪಟ್ಟು ಕುಳಿತಿರುತ್ತವೆ. ವಿದ್ಯುತ್ ಅಲೆ ಬಂದು ಒಳಬದಿ ಧನವಾದ ಕ್ಷಣ ಸೆಳೆತ ತಪ್ಪಿ ಅವು ಹೊರಗಡೆಗೆ ಸರಿಯುತ್ತವೆ. ಇಡೀ ಪ್ರೋಟೀನು ಮೈ ತಿರುಚುತ್ತದೆ. ಆವೇಶ ಹೀಗೆ ಸರಿಯುವುದನ್ನು 1973ರಲ್ಲಿ ಶ್ನೈಡರ್ ಮತ್ತು ಚಾಂಡ್ಲರ್ ಕಪ್ಪೆಯ ಸ್ನಾಯುವಿನಲ್ಲಿ ಅಳೆದು ತೋರಿಸಿದರು. ಆಗಿನ್ನೂ ಈ ಪ್ರೋಟೀನನ್ನು ಯಾರೂ ಕಂಡಿರಲಿಲ್ಲ. ಇಲ್ಲೊಂದು ಚಾಲಕ ಇದೆ ಎಂದು ಬರೀ ವಿದ್ಯುತ್ ಅಳತೆಯಿಂದ ಕಂಡುಕೊಂಡರಲ್ಲ, ಅದನ್ನು ಪಾಠ ಮಾಡುವಾಗ ನನಗೆ ಇಂದಿಗೂ ರೋಮಾಂಚನವಾಗುತ್ತದೆ.

ಈಗ ತೂಬು. ರಯನೋಡಿನ್ ರಿಸೆಪ್ಟರ್ 1 ನಮಗೆ ತಿಳಿದಿರುವ ಅಯಾನು ಚಾನೆಲ್‌ಗಳಲ್ಲೇ ದೈತ್ಯ ಗುಂಪಿನದು. ಒಂದೊಂದೂ 5,000ಕ್ಕೂ ಹೆಚ್ಚು ಅಮೈನೋ ಆಮ್ಲಗಳಿರುವ ನಾಲ್ಕು ಸರಪಳಿಗಳು ಸೇರಿ ಒಂದು ಚಾನೆಲ್. ಒಟ್ಟು ತೂಕ ಸುಮಾರು 22 ಲಕ್ಷ ಡಾಲ್ಟನ್, ಅಂದರೆ ಮೂವತ್ತಕ್ಕೂ ಹೆಚ್ಚು ಹಿಮೋಗ್ಲೋಬಿನ್ ಅಣುಗಳನ್ನು ಒಟ್ಟಿಗೆ ಕಟ್ಟಿದಷ್ಟು. ಆಕಾರ ಅಣಬೆಯದು. ತೊಟ್ಟು ಕೆರೆಯ ಪೊರೆಯೊಳಗೆ ನಾಟಿಕೊಂಡಿದೆ, ಕ್ಯಾಲ್ಸಿಯಂ ಹರಿಯುವ ರಂಧ್ರ ಇರುವುದು ಅಲ್ಲಿ. ಪ್ರೋಟೀನಿನ ಸುಮಾರು ಐದರಲ್ಲಿ ನಾಲ್ಕು ಪಾಲು ಹೊರಗೆ ಕೋಶರಸಕ್ಕೆ ಚಾಚಿರುವ ಅಗಲವಾದ ಕೊಡೆ. ಇಷ್ಟು ಚಿಕ್ಕ ರಂಧ್ರಕ್ಕೆ ಇಷ್ಟು ದೊಡ್ಡ ಕೊಡೆ ಏಕೆ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಕೊಡೆ ಈ ತೂಬಿನ ಹಿಡಿಕೆ. ಟಿ-ಕೊಳವೆಗೂ ಕೆರೆಗೂ ನಡುವೆ ಇರುವ ಅಂತರ ಸುಮಾರು 12 ನ್ಯಾನೋಮೀಟರ್. ಆ ಸಂದನ್ನು ಈ ಕೊಡೆಯೇ ತುಂಬಿಕೊಂಡು ನೀರುಗಂಟಿಯ ಕೈಗೆಟಕುವಂತೆ ನಿಂತಿದೆ. ಕ್ಯಾಲ್ಮೊಡ್ಯುಲಿನ್‌ನಂಥ ನಿಯಂತ್ರಕ ಪ್ರೋಟೀನುಗಳೂ, ಮೆಗ್ನೀಸಿಯಂ ಮತ್ತು ಜೀವಕೋಶದ ಇಂಧನವಾದ ಎಟಿಪಿಯೂ ತೂಬನ್ನು ಬಿಗಿಯುವುದು ಅಥವಾ ಸಡಿಲಿಸುವುದು ಬಹುಪಾಲು ಇದರ ಮೂಲಕವೇ.

1970ರಲ್ಲಿ ಕ್ಲಾರಾ ಫ್ರಾಂಜಿನಿ-ಆರ್ಮ್‌ಸ್ಟ್ರಾಂಗ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳಲ್ಲಿ ಆ ಸಂದಿನಲ್ಲಿ ಸಾಲಾಗಿ ನಿಂತ ಪುಟ್ಟ ಚುಕ್ಕೆಗಳನ್ನು ವಿವರಿಸಿ ‘ಪಾದಗಳು’ ಎಂದು ಕರೆದಿದ್ದರು. ಆ ಪಾದಗಳೇ ರಯನೋಡಿನ್ ರಿಸೆಪ್ಟರ್ ಎಂಬುದು ಖಚಿತವಾದದ್ದು 1980ರ ದಶಕದಲ್ಲಿ, ದಕ್ಷಿಣ ಅಮೆರಿಕದ ರಯಾನಿಯಾ ಎಂಬ ಗಿಡದ ವಿಷದಿಂದ. ಕೀಟನಾಶಕವಾಗಿ ಬಳಕೆಯಲ್ಲಿದ್ದ ರಯನೋಡಿನ್ ತೆರೆದ ತೂಬಿಗೆ ಹೋಗಿ ಭದ್ರವಾಗಿ ಕಚ್ಚಿಕೊಳ್ಳುತ್ತದೆ. ಆ ಗಾಳ ಹಾಕಿಯೇ ಪ್ರೋಟೀನನ್ನು ಹಿಡಿದರು. 2015ರ ಆರಂಭದಲ್ಲಿ ಮೂರು ತಂಡಗಳು ಒಟ್ಟಿಗೇ ಕ್ರಯೋ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಅದರ ಮಡಿಕೆ ಮಡಿಕೆಯನ್ನೂ ಬಿಡಿಸಿ ತೋರಿಸಿದವು. ಅದರಲ್ಲೊಂದು, ಚೀನಾದ ನಿಯೆಂಗ್ ಯಾನ್ ಅವರ ತಂಡ, ಅದೇ ವರ್ಷ ಕ್ಯಾವ್ 1.1ರ ರಚನೆಯನ್ನೂ ಪ್ರಕಟಿಸಿತು. ಪ್ರೋಟೀನು ತೆಗೆದದ್ದು ಮತ್ತೆ ಮೊಲದ ಸ್ನಾಯುವಿನಿಂದಲೇ.

ನೀರುಗಂಟಿ ತೂಬನ್ನು ಹೇಗೆ ಎತ್ತುತ್ತಾನೆ? ಹೃದಯದಲ್ಲಿ ಒಂದು ಬಗೆ, ಕೈಕಾಲಿನಲ್ಲಿ ಇನ್ನೊಂದು ಬಗೆ. ನಿಮ್ಮ ಪ್ರಶ್ನೆಯ ಮರ್ಮ ಇಲ್ಲೇ ಇದೆ.

ನಾನು ವಿದ್ಯಾರ್ಥಿಯಾಗಿದ್ದಾಗ ಶರೀರಕ್ರಿಯಾಶಾಸ್ತ್ರದ ಪ್ರಯೋಗಾಲಯದಲ್ಲಿ ಕಪ್ಪೆಯ ಹೃದಯ ಕಟ್ಟುತ್ತಿದ್ದೆವು. ಮಸಿ ಹಿಡಿಸಿದ ಕಾಗದ ಸುತ್ತಿದ ಡ್ರಮ್ಮು ತಿರುಗುತ್ತಿರುತ್ತದೆ, ಹೃದಯ ಬಡಿದಂತೆಲ್ಲ ಸೂಜಿ ಆ ಮಸಿಯಲ್ಲಿ ಬಿಳಿ ಗೆರೆ ಎಳೆಯುತ್ತದೆ. ಕ್ಯಾಲ್ಸಿಯಂ ಇಲ್ಲದ ದ್ರಾವಣ ಹರಿಸಿದ ಸ್ವಲ್ಪ ಹೊತ್ತಿಗೇ ಗೆರೆಗಳು ಗಿಡ್ಡವಾಗುತ್ತಾ ಬಂದು ನೇರ ಗೀಟಾಗುತ್ತಿದ್ದವು. ಕ್ಯಾಲ್ಸಿಯಂ ಕೊಟ್ಟರೆ ಮತ್ತೆ ಏಳುತ್ತಿದ್ದವು. ಲಂಡನ್ನಿನ ಸಿಡ್ನಿ ರಿಂಗರ್ 1880ರ ದಶಕದ ಆರಂಭದಲ್ಲಿ ಕಂಡದ್ದು ಇದನ್ನೇ. ನಲ್ಲಿ ನೀರಿನಲ್ಲಿ ಮಾಡಿದ ಉಪ್ಪಿನ ದ್ರಾವಣದಲ್ಲಿ ಬಡಿಯುತ್ತಿದ್ದ ಹೃದಯ ಬಟ್ಟಿ ಇಳಿಸಿದ ನೀರಿನ ದ್ರಾವಣದಲ್ಲಿ ನಿಂತುಹೋಯಿತು. ನಲ್ಲಿ ನೀರಿನಲ್ಲಿದ್ದ ಕ್ಯಾಲ್ಸಿಯಂ ಅದಕ್ಕೆ ಕಾರಣವಾಗಿತ್ತು. ಆಸ್ಪತ್ರೆಯಲ್ಲಿ ಏರಿಸುವ ಆರ್‌ಎಲ್ ಬಾಟಲಿಯ ‘ಆರ್’ ಈ ರಿಂಗರೇ.

ಕಪ್ಪೆಯ ಕಾಲಿನ ಸ್ನಾಯುವಿನಲ್ಲಿ ಇದನ್ನೇ ಮಾಡಿ ನೋಡಿ. 1972ರಲ್ಲಿ ಕ್ಲೇ ಆರ್ಮ್‌ಸ್ಟ್ರಾಂಗ್, ಬೆಜಾನಿಯಾ ಮತ್ತು ಹೊರೋವಿಚ್ ಹಾಗೆ ಮಾಡಿದರು. ಹೊರಗಿನ ಕ್ಯಾಲ್ಸಿಯಂನ ಕಣಕಣವನ್ನೂ ರಾಸಾಯನಿಕದಿಂದ ಹಿಡಿದಿಟ್ಟು, ಸ್ನಾಯುತಂತುವಿಗೇ ನೇರವಾಗಿ ವಿದ್ಯುತ್ ಕೊಟ್ಟರು. ಅದು ಸಂಕುಚಿಸುತ್ತಲೇ ಇತ್ತು. ಹೊರಗೆ ಕ್ಯಾಲ್ಸಿಯಂ ಇಲ್ಲ ಎಂದರೆ ಹೊರಬಾಗಿಲಿನಿಂದ ಒಳಗೆ ಬರುವುದು ಏನೂ ಇಲ್ಲ. ಆದರೂ ಕೆರೆಯ ತೂಬು ತೆರೆಯಿತು. ಅರ್ಥ ಇಷ್ಟೇ: ಕೈಕಾಲಿನ ಸ್ನಾಯುವಿನಲ್ಲಿ ಕ್ಯಾವ್ 1.1 ತೂಬಿಗೆ ಕ್ಯಾಲ್ಸಿಯಂ ಕಳಿಸಿ ಸಂದೇಶ ಕೊಡುವುದಿಲ್ಲ, ತನ್ನ ಮೈ ತಿರುಚಿ ಹಿಡಿಕೆಯನ್ನೇ ಎಳೆಯುತ್ತದೆ. ನಾಲ್ಕು ನಾಲ್ಕು ಕ್ಯಾವ್ 1.1ಗಳ ಗುಂಪು ಒಂದು ಬಿಟ್ಟು ಒಂದು ತೂಬಿನ ನೇರ ಎದುರಿಗೆ ಜೋಡಣೆಯಾಗಿರುವುದು 1988ರಲ್ಲಿ ಕಂಡುಬಂತು. ಅದೇ ವರ್ಷ, ಹುಟ್ಟಿನಿಂದಲೇ ಕ್ಯಾವ್ 1.1 ಇಲ್ಲದೆ ಸ್ನಾಯು ನಿಶ್ಚಲವಾಗಿದ್ದ ಇಲಿಯ ಜೀವಕೋಶಗಳಿಗೆ ಆ ಪ್ರೋಟೀನಿನ ಡಿಎನ್‌ಎ ಪ್ರತಿಯನ್ನು ಚುಚ್ಚಿದಾಗ ಅವು ಮತ್ತೆ ಮಿಡಿದವು. ಇನ್ನೂ ಮುಂದಕ್ಕೆ ಹೋಗಿ 2017ರಲ್ಲಿ ಆಸ್ಟ್ರಿಯಾದ ಇನ್ಸ್‌ಬ್ರುಕ್‌ನ ತಂಡವೊಂದು ಕ್ಯಾವ್ 1.1ರ ರಂಧ್ರದಿಂದ ಕ್ಯಾಲ್ಸಿಯಂ ಹರಿಯದಂತೆ ಮಾಡಿದ ಇಲಿಗಳನ್ನು ಬೆಳೆಸಿತು. ನೀರುಗಂಟಿ ಇದ್ದಾನೆ, ಆದರೆ ಬಾಗಿಲು ಶಾಶ್ವತವಾಗಿ ಮುಚ್ಚಿದೆ. ಆ ಇಲಿಗಳು ಓಡಿದವು, ಹಿಡಿದು ಎಳೆದವು, ಬಲದಲ್ಲಿ ಏನೂ ಕೊರತೆ ಕಾಣಲಿಲ್ಲ. ಜೀಬ್ರಾ ಮೀನಿನ ಸ್ನಾಯುವಿನಲ್ಲಂತೂ ಈ ಬಾಗಿಲು ಸಹಜವಾಗಿಯೇ ಕ್ಯಾಲ್ಸಿಯಂ ಬಿಡುವುದಿಲ್ಲ.

ಹೃದಯದಲ್ಲಿ ಈ ಎಳೆತ ಇಲ್ಲ. ಅಲ್ಲಿರುವುದು ಕ್ಯಾವ್ 1.2 ಎಂಬ ಸೋದರ ಪ್ರೋಟೀನು. ಅದರ ಮೂಲಕ ಒಳಬಂದ ಸ್ವಲ್ಪ ಕ್ಯಾಲ್ಸಿಯಂ ತೂಬಿಗೆ ತಗುಲಿ, ಅದು ತೆರೆದು, ಕೆರೆಯಿಂದ ಬಹಳಷ್ಟು ಹರಿಯುತ್ತದೆ. ರಕ್ತನಾಳದ ಗೋಡೆಯ ನಯಸ್ನಾಯು ಕೂಡ ಕ್ಯಾವ್ 1.2ರಿಂದ ಒಳಬರುವ ಕ್ಯಾಲ್ಸಿಯಂ ಅನ್ನೇ ನೆಚ್ಚಿಕೊಂಡಿದೆ. ಆಮ್ಲೋಡಿಪಿನ್ ಮುಚ್ಚುವುದು ಇದನ್ನು. ನಾಳ ಸಡಿಲವಾಗಿ ಅಗಲವಾಗುತ್ತದೆ, ಬಿಪಿ ಇಳಿಯುತ್ತದೆ. ಚಾನೆಲ್ ದಣಿದು ನಿಷ್ಕ್ರಿಯವಾದ ಸ್ಥಿತಿಯಲ್ಲಿದ್ದಾಗ ಈ ಔಷಧಿ ಅದನ್ನು ಗಟ್ಟಿಯಾಗಿ ಹಿಡಿಯುತ್ತದೆ. ರಕ್ತನಾಳದ ಪೊರೆಯ ವೋಲ್ಟೇಜ್ ಮೈನಸ್ 90ರಷ್ಟು ಕೆಳಗಿರದೆ ಸಾಕಷ್ಟು ಮೇಲಿರುವುದರಿಂದ ಅಲ್ಲಿ ಅಂಥ ಚಾನೆಲ್‌ಗಳು ಹೆಚ್ಚು. ಹೃದಯಕ್ಕಿಂತ ನಾಳದ ಮೇಲೆ ಇದರ ಪ್ರಭಾವ ಜಾಸ್ತಿ ಇರುವುದಕ್ಕೂ ಇದೊಂದು ಕಾರಣ.

ಆದ್ದರಿಂದ ಬಿಪಿಗೆ ಕೊಡುವ ಪ್ರಮಾಣದಲ್ಲಿ ಆಮ್ಲೋಡಿಪಿನ್ ಅಮ್ಮನ ತೋಳ್ಬಲವನ್ನು ಕುಂದಿಸುವುದಿಲ್ಲ. ಕೈಕಾಲಿನಲ್ಲಿ ಅದು ಒಂದೆರಡು ಬಾಗಿಲು ಮುಚ್ಚಿದರೂ ನೀರುಗಂಟಿಯ ಎಳೆತ ನಿಲ್ಲುವುದಿಲ್ಲ. ಸಂಜೆ ಕಾಲು ಭಾರವಾಗುವುದಕ್ಕೆ ಬೇರೆ ಕಾರಣ ಇರಬಹುದು. ಈ ಮಾತ್ರೆಯಿಂದ ಸಣ್ಣ ಅಪಧಮನಿಗಳು ಹಿಗ್ಗಿ, ಪಾದ ಮತ್ತು ಹರಡಿನ ಸುತ್ತ ನೀರು ತುಂಬಿಕೊಳ್ಳುವುದು ತೀರಾ ಸಾಮಾನ್ಯ. ಸಂಜೆ ಹರಡಿನ ಮೇಲೆ ಹೆಬ್ಬೆರಳಿನಿಂದ ಒತ್ತಿ ನೋಡಿ, ಗುಳಿ ಬಿದ್ದು ಹಾಗೇ ಉಳಿದರೆ ಡಾಕ್ಟರಿಗೆ ತಿಳಿಸಿ. ಅವರು ಪ್ರಮಾಣವನ್ನೋ ಮಾತ್ರೆಯನ್ನೋ ಬದಲಿಸಬಹುದು. ನೀವಾಗಿಯೇ ನಿಲ್ಲಿಸಬೇಡಿ. ಕೊಲೆಸ್ಟರಾಲ್‌ಗೆ ಸಿಮ್ವಾಸ್ಟಾಟಿನ್ ಕೂಡ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ. ಆಮ್ಲೋಡಿಪಿನ್ ಜೊತೆಗೆ ಅದರ ಮಟ್ಟ ರಕ್ತದಲ್ಲಿ ಏರಿ ಸ್ನಾಯು ನೋಯಬಹುದು. ಅದಕ್ಕೇ ದಿನಕ್ಕೆ 20 ಮಿಲಿಗ್ರಾಂ ಮೀರಬಾರದು ಎಂಬ ಮಿತಿ ಇದೆ.

ಮಾವನ ವಿಷಯಕ್ಕೆ ಬರೋಣ. ಆರೋಗ್ಯವಂತರಲ್ಲಿ ಎಳೆತ ನಿಂತ ಕೂಡಲೇ ತೂಬು ಮುಚ್ಚುತ್ತದೆ. ಹರಿದ ಕ್ಯಾಲ್ಸಿಯಂ ಟ್ರೋಪೋನಿನ್ ಎಂಬ ಸ್ನಾಯು ಪ್ರೋಟೀನಿಗೆ ಅಂಟಿ ಸಂಕೋಚನ ಶುರುಮಾಡಿತ್ತಲ್ಲ, ಅದನ್ನು ಸರ್ಕಾ ಎಂಬ ಪಂಪು ಮತ್ತೆ ಎತ್ತಿ ಕೆರೆಗೆ ತುಂಬುತ್ತದೆ, ಏತದಲ್ಲಿ ನೀರೆತ್ತಿದಂತೆ. ಎರಡು ಕ್ಯಾಲ್ಸಿಯಂಗೆ ಒಂದು ಎಟಿಪಿ ಖರ್ಚು. ರಯನೋಡಿನ್ ರಿಸೆಪ್ಟರಿನ ಜೀನ್‌ನಲ್ಲಿ ಕೆಲವು ದೋಷಗಳಿದ್ದರೆ ತೂಬು ನೋಡಲು ಭದ್ರವಾಗಿದ್ದರೂ ಸಡಿಲ. ದಿನನಿತ್ಯದ ಬದುಕಿನಲ್ಲಿ ಸಾಮಾನ್ಯವಾಗಿ ಏನೂ ಗೊತ್ತಾಗುವುದಿಲ್ಲ. ಹ್ಯಾಲೋಥೇನ್, ಐಸೋಫ್ಲುರೇನ್, ಸೆವೋಫ್ಲುರೇನ್‌ನಂಥ ಉಸಿರಿನಲ್ಲಿ ಕೊಡುವ ಅರಿವಳಿಕೆಗಳು ಅಥವಾ ಸಕ್ಸಿನೈಲ್‌ಕೋಲಿನ್ ಎಂಬ ಸ್ನಾಯು ಸಡಿಲಿಸುವ ಇಂಜೆಕ್ಷನ್ ತಗುಲಿದಾಗ ತೂಬು ತೆರೆದು ಮುಚ್ಚಿಕೊಳ್ಳದೆ ಉಳಿಯುತ್ತದೆ. ಸ್ನಾಯು ಸಂಕುಚಿಸಿಯೇ ಇರುತ್ತದೆ. ಏತ ನಿಲ್ಲದೆ ಎತ್ತುತ್ತಲೇ ಇರುತ್ತದೆ, ಕೆರೆ ತುಂಬುವುದಿಲ್ಲ. ಎಟಿಪಿ ಸುಡುತ್ತಾ ಹೋದಂತೆ ಶಾಖ, ಇಂಗಾಲದ ಡೈಆಕ್ಸೈಡ್, ಲ್ಯಾಕ್ಟಿಕ್ ಆಮ್ಲ ಏರುತ್ತವೆ. ಕೊನೆಗೆ ಸ್ನಾಯುಪೊರೆ ಒಡೆದು ಪೊಟ್ಯಾಸಿಯಂ ರಕ್ತಕ್ಕೆ ನುಗ್ಗಿ ಹೃದಯ ನಿಲ್ಲುತ್ತದೆ. ಇದಕ್ಕೆ ಮ್ಯಾಲಿಗ್ನಂಟ್ ಹೈಪರ್‌ಥರ್ಮಿಯಾ ಎಂದು ಹೆಸರು.

ಇದು ವೈದ್ಯಲೋಕಕ್ಕೆ ತಿಳಿದದ್ದು ನಿಮ್ಮಂಥದೇ ಒಂದು ಮನೆಯ ಮಾತಿನಿಂದ. ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿ 21 ವರ್ಷದ ತರುಣನೊಬ್ಬ ಕಾಲು ಮುರಿದುಕೊಂಡು ಆಸ್ಪತ್ರೆಗೆ ಬಂದ. ಅವನಿಗೆ ಮುರಿದ ಕಾಲಿಗಿಂತ ಅರಿವಳಿಕೆಯ ಭಯವೇ ದೊಡ್ಡದಾಗಿತ್ತು. ಅವನ ಬಂಧುಗಳಲ್ಲಿ ಹತ್ತು ಮಂದಿ ಈಥರ್ ಕೊಟ್ಟ ಮೇಲೆ ಸತ್ತಿದ್ದರು. ಡಾಕ್ಟರರು ಈಥರ್ ಬಿಟ್ಟು ಆಗ ಹೊಸದಾಗಿದ್ದ ಹ್ಯಾಲೋಥೇನ್ ಕೊಟ್ಟರು, ಅದೂ ಅವನ ಮೈ ಕಾಯಿಸಿತು. ಐಸ್ ಇಟ್ಟು ತಣಿಸಿ ಉಳಿಸಿಕೊಂಡರು. ಡೆನ್‌ಬರೋ ಮತ್ತು ಲೊವೆಲ್ 1960ರಲ್ಲಿ ಇದನ್ನು ವರದಿ ಮಾಡಿದರು. ದೋಷ ತೂಬಿನಲ್ಲಿದೆ ಎಂಬುದು 1991ರಲ್ಲಿ ಹಂದಿಗಳಿಂದ ಖಚಿತವಾಯಿತು. ಸಾಗಿಸುವಾಗಿನ ಗಾಬರಿಗೇ ಮೈ ಬಿಸಿಯೇರಿ ಸಾಯುತ್ತಿದ್ದ ಹಂದಿಗಳ ರಯನೋಡಿನ್ ರಿಸೆಪ್ಟರಿನಲ್ಲಿ 615ನೆಯ ಸ್ಥಾನದ ಆರ್ಜಿನಿನ್ ಹೋಗಿ ಸಿಸ್ಟೀನ್ ಬಂದಿತ್ತು. 5,000 ಅಕ್ಷರಗಳ ಒಂದು ಪತ್ರದಲ್ಲಿ ಒಂದೇ ಅಕ್ಷರ ತಪ್ಪಿದಂತೆ.

ಈ ದೋಷ ತಂದೆ ತಾಯಿಯರಲ್ಲಿ ಒಬ್ಬರಿಂದ ಬಂದರೂ ಸಾಕು. ಮಾವನಿಗೆ ಅದು ಅಜ್ಜ ಅಥವಾ ಅಜ್ಜಿಯಿಂದ ಬಂದಿದ್ದರೆ ಅಮ್ಮನಿಗೂ ಇರುವ ಸಾಧ್ಯತೆ ಶೇ 50, ನಿಮಗೆ ಶೇ 25. ನಿಮ್ಮ ಹೆರಿಗೆಯಲ್ಲಿ ಅಮ್ಮನಿಗೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸಿಸೇರಿಯನ್ ಮಾಡಿದ್ದರೆ, ಆಗ ಏನೂ ಆಗಿರಲಿಲ್ಲವಲ್ಲ ಎಂದುಕೊಳ್ಳಬೇಡಿ. ಆ ಔಷಧಿ ತೂಬನ್ನು ಕೆಣಕುವುದೇ ಇಲ್ಲ. ಪೂರ್ಣ ಅರಿವಳಿಕೆ ಒಮ್ಮೆ ಸುಸೂತ್ರವಾಗಿ ಮುಗಿದಿದ್ದರೂ ಅದು ಮುಂದಿನ ಸಲಕ್ಕೆ ಭರವಸೆಯಲ್ಲ.

ಅಮ್ಮನ ಆಪರೇಷನ್ ನಿಲ್ಲಿಸಬೇಕಿಲ್ಲ. ಪ್ರೊಪೊಫಾಲ್ ಎಂಬ ಅರಿವಳಿಕೆಯನ್ನು ರಕ್ತನಾಳದ ಮೂಲಕ ಹರಿಸುತ್ತಾ, ಸ್ನಾಯು ಸಡಿಲಿಸಲು ವೆಕ್ಯುರೋನಿಯಂ ಅಥವಾ ರೋಕ್ಯುರೋನಿಯಂ ಬಳಸಿ, ಅನಿಲ ಅರಿವಳಿಕೆಯ ಸುಳಿವಿಲ್ಲದೆ ಇಡೀ ಆಪರೇಷನ್ ಮುಗಿಸಬಹುದು. ಯಂತ್ರದಲ್ಲಿ ಹಿಂದಿನ ರೋಗಿಗೆ ಕೊಟ್ಟ ಅನಿಲ ಉಳಿದಿರದಂತೆ ಅದನ್ನು ಮೊದಲೇ ಆಮ್ಲಜನಕದಿಂದ ಚೆನ್ನಾಗಿ ತೊಳೆಯಬೇಕಾಗುತ್ತದೆ, ಅದಕ್ಕೆ ಸಮಯ ಬೇಕು. ಮುಂಚಿತವಾಗಿ ಹೇಳಿ ಎಂದದ್ದು ಇದಕ್ಕಾಗಿ. ಲ್ಯಾಪರೋಸ್ಕೋಪಿಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಈ ಅವಘಡದ ಮೊದಲ ಸುಳಿವು ಸಾಮಾನ್ಯವಾಗಿ ಜ್ವರವಲ್ಲ. ಉಸಿರಿನಲ್ಲಿ ಇಂಗಾಲದ ಡೈಆಕ್ಸೈಡ್ ಏರುವುದು, ಅದನ್ನು ಹೀರುವ ಸೋಡಾಲೈಮ್ ಡಬ್ಬಿ ಮುಟ್ಟಿದರೆ ಬಿಸಿಯಾಗಿರುವುದು, ನಾಡಿ ಓಡುವುದು. ಲ್ಯಾಪರೋಸ್ಕೋಪಿಗೆ ಹೊಟ್ಟೆಯೊಳಗೆ ತುಂಬುವುದೇ ಇಂಗಾಲದ ಡೈಆಕ್ಸೈಡ್, ಹಾಗಾಗಿ ಅದು ಏರಿದ್ದು ಎಲ್ಲಿಂದ ಎಂದು ಗೊಂದಲವಾಗಬಹುದು. ಕುಟುಂಬದ ಕಥೆ ಗೊತ್ತಿರುವ ತಜ್ಞರು ಈ ಗೊಂದಲಕ್ಕೆ ಬೀಳುವುದಿಲ್ಲ.

ಆಸ್ಪತ್ರೆಯಲ್ಲಿ ಡಾಂಟ್ರೊಲೀನ್ ಇದೆಯೇ ಎಂದೂ ಕೇಳಿ. ಸಡಿಲವಾದ ತೂಬನ್ನು ಬಿಗಿಯುವ ಔಷಧಿ ಅದೊಂದೇ. 1975ರಲ್ಲಿ ದಕ್ಷಿಣ ಆಫ್ರಿಕಾದ ಹ್ಯಾರಿಸನ್ ಹಂದಿಗಳಲ್ಲಿ ಅದರ ಗುಣ ತೋರಿಸಿಕೊಟ್ಟ ಮೇಲೆ, ಮುಕ್ಕಾಲು ಪಾಲು ಜನ ಸಾಯುತ್ತಿದ್ದ ಕಾಯಿಲೆಯಲ್ಲಿ ಈಗ ಬಹುತೇಕರು ಬದುಕುತ್ತಾರೆ. ಮೊದಲ ಡೋಸು ಕಿಲೋ ತೂಕಕ್ಕೆ 2.5 ಮಿಲಿಗ್ರಾಂ. ಹಳೆಯ ಬಗೆಯ ಸೀಸೆಯಲ್ಲಿ 20 ಮಿಲಿಗ್ರಾಂ ಕಿತ್ತಳೆ ಬಣ್ಣದ ಪುಡಿ ಇರುತ್ತದೆ, ಅದಕ್ಕೆ 60 ಮಿಲಿಲೀಟರ್ ನೀರು ಹಾಕಿ ತಿಳಿಯಾಗುವವರೆಗೆ ಕುಲುಕಬೇಕು. 60 ಕಿಲೋ ತೂಕದವರಿಗೆ ಎಂಟು ಸೀಸೆ, ಅರ್ಧ ಲೀಟರಿನಷ್ಟು. ರೋಗಿಯ ಮೈ ಬಿಸಿ ಏರುತ್ತಿರುವಾಗ ಒಬ್ಬರ ಕೈಯಿಂದ ಆಗುವ ಕೆಲಸವಲ್ಲ ಇದು. ಈ ಔಷಧಿ ನಮ್ಮಲ್ಲಿ ಎಲ್ಲ ಆಸ್ಪತ್ರೆಗಳಲ್ಲೂ ಇರುವುದಿಲ್ಲ. ಇಲ್ಲದಿದ್ದರೆ, ಇರುವ ದೊಡ್ಡ ಆಸ್ಪತ್ರೆಗೆ ಹೋಗುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಅಮ್ಮನ ಬಿಪಿ ಮಾತ್ರೆಯ ಹೆಸರನ್ನು ಅರಿವಳಿಕೆ ತಜ್ಞರಿಗೆ ಹೇಳಲೇಬೇಕಾದ ಜಾಗವೂ ಇದೇ. ವೆರಾಪಮಿಲ್, ಡಿಲ್ಟಿಯಾಜೆಮ್ ಎಂಬ ಕ್ಯಾಲ್ಸಿಯಂ ಚಾನೆಲ್ ಬ್ಲಾಕರ್‌ಗಳು ಡಾಂಟ್ರೊಲೀನ್ ಜೊತೆ ಸೇರಿದರೆ ಪೊಟ್ಯಾಸಿಯಂ ಏರಿ ಹೃದಯ ಕುಸಿಯಬಹುದು. ಅಮ್ಮನದು ಆಮ್ಲೋಡಿಪಿನ್, ಆ ಬೇರೆ ಗುಂಪಿನದಲ್ಲ. ಆಪರೇಷನ್ ದಿನ ಬೆಳಿಗ್ಗೆ ಅದನ್ನು ನುಂಗಬೇಕೋ ಬೇಡವೋ ಎಂಬುದನ್ನು ಅರಿವಳಿಕೆ ತಜ್ಞರೇ ಹೇಳಲಿ.

ದೋಷ ಇದೆಯೋ ಇಲ್ಲವೋ ಎಂದು ತಿಳಿಯಲು ಆರ್‌ವೈಆರ್1, ಅಂದರೆ ರಯನೋಡಿನ್ ರಿಸೆಪ್ಟರ್ 1ರ ಜೀನ್ ಪರೀಕ್ಷೆ ಇದೆ. ಅದರಲ್ಲಿ ತಿಳಿದಿರುವ ದೋಷ ಸಿಕ್ಕರೆ ವಿಷಯ ಖಚಿತ, ಸಿಗದಿದ್ದರೆ ಅನುಮಾನ ಪೂರ್ತಿ ಕಳೆಯುವುದಿಲ್ಲ. ತೊಡೆಯ ಸ್ನಾಯುವಿನ ಚೂರು ತೆಗೆದು ಅದು ಜೀವಂತವಿರುವಾಗಲೇ ಕೆಫೀನ್ ಮತ್ತು ಹ್ಯಾಲೋಥೇನ್ ಹಾಕಿ ಎಷ್ಟು ಬಿಗಿಯುತ್ತದೆ ಎಂದು ನೋಡುವ ಪರೀಕ್ಷೆಯೂ ಉಂಟು. ಅದನ್ನು ಮಾಡುವ ಕೇಂದ್ರಗಳು ಜಗತ್ತಿನಲ್ಲೇ ಕೆಲವು. ಕೆಫೀನ್ ಎಂದೊಡನೆ ಗಾಬರಿಯಾಗಬೇಡಿ. ಅಲ್ಲಿ ಬಳಸುವ ಪ್ರಮಾಣದ ಹತ್ತಿರಕ್ಕೂ ನಮ್ಮ ಫಿಲ್ಟರ್ ಕಾಫಿ ಬರುವುದಿಲ್ಲ. ಈ ಪರೀಕ್ಷೆಗಳು ಮುಗಿಯಲಿ ಎಂದು ಪಿತ್ತಕೋಶದ ಕಲ್ಲು ಇಟ್ಟುಕೊಂಡು ಕಾಯಬೇಕಿಲ್ಲ. ದೋಷ ಇದೆಯೆಂದೇ ಭಾವಿಸಿ ಸುರಕ್ಷಿತ ಅರಿವಳಿಕೆ ಕೊಟ್ಟರಾಯಿತು.

ಮಾವನ ಆಸ್ಪತ್ರೆಯ ಹಳೆಯ ಕಾಗದಗಳು ಅತ್ತೆಯವರ ಬಳಿಯೋ ಅಜ್ಜನ ಮನೆಯ ಪೆಟ್ಟಿಗೆಯಲ್ಲೋ ಇದ್ದರೆ ಹುಡುಕಿಸಿ. ಯಾವ ಅರಿವಳಿಕೆ ಕೊಟ್ಟಿದ್ದರು, ಮೈ ಬಿಸಿ ಎಷ್ಟು ಏರಿತ್ತು, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿತ್ತೇ ಎಂದು ಅದರಲ್ಲಿ ಒಂದು ಸಾಲು ಸಿಕ್ಕರೂ ಅರಿವಳಿಕೆ ತಜ್ಞರಿಗೆ ಅದು ಬಹಳ ಬೆಲೆಯುಳ್ಳದ್ದು. ಕಾಗದ ಸಿಗದಿದ್ದರೆ ಆ ದಿನ ಜೊತೆಗಿದ್ದ ಹಿರಿಯರನ್ನು ಕೇಳಿ ಬರೆದುಕೊಳ್ಳಿ, ಮಾವನ ಮಕ್ಕಳಿಗೂ ಒಂದು ಪ್ರತಿ ಕೊಡಿ. ಅವರಿಗೂ ಇದು ಅಮ್ಮನಿಗೆ ಸಮನಾದ ಶೇ 50ರ ಪ್ರಶ್ನೆ.